ಅವ್ವನ ಒಪ್ಪೊತ್ತು ಮತ್ತು ನಲವತ್ತು ದಿನಗಳ ಚರಿತ್ರೆ

ಹೋದ ವರ್ಷ ತಪಸ್ಸುಕಾಲದ ಮೂರನೇ ಶುಕ್ರವಾರ ನಮ್ಮ ಅವ್ವ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ತಲೆ ಸುತ್ತಿ ಕುಸಿದು ಕೂತಳು. ವಯಸ್ಸು 68. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದ್ದಳು, ಹೊಟ್ಟೆಗೆ ಮಾತ್ರ ಏನೂ ಹಾಕಿರಲಿಲ್ಲ. ಪುಣ್ಯಕ್ಕೆ ಅದೇ ಸಾಲಿನಲ್ಲಿ ನಮ್ಮೂರಿನ ಆಶಾ ಕಾರ್ಯಕರ್ತೆ ಇದ್ದರು. ಅವ್ವನಿಗೆ ಎಚ್ಚರ ಇದ್ದದ್ದು ನೋಡಿ ಸಕ್ಕರೆ ಕದಡಿದ ನೀರು ಕುಡಿಸಿದರು. ನಾನು ವರದಿಗೆ ಅಂತ ಬೇರೆ ಊರಿಗೆ ಹೋಗಿದ್ದೆ. ಫೋನ್ ಬಂದಾಗ ಎದೆ ಧಸಕ್ಕೆಂದಿತು.

ಸಂಜೆ ಮನೆಗೆ ಬಂದು ಸ್ವಲ್ಪ ಜೋರಾಗಿಯೇ ಕೇಳಿದೆ, "ಯಾಕವ್ವ, ಈ ವಯಸ್ಸಲ್ಲಿ ನಿನಗೆ ಉಪವಾಸ ಬೇಕಿತ್ತಾ?"

"ನಮ್ಮಪ್ಪ ನಮ್ಮವ್ವ ನಲವತ್ತು ದಿನವೂ ಒಪ್ಪೊತ್ತು ಇರ್ತಿದ್ರು ಕಣಪ್ಪ. ನಾನು ಬರೀ ಶುಕ್ರವಾರ ಇರಕ್ಕಾಗಲ್ವಾ?" ಅಂದಳು.

ಎಂಟು ವರ್ಷದ ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು. "ಅಜ್ಜಿ ತಿಂಡಿ ತಿಂದುಬಿಟ್ರೆ ದೇವ್ರು ಬಯ್ತಾನಾ ಅಪ್ಪ?" ಎಂದು ಕೇಳಿದಳು.

ಇಲ್ಲ ಅಂತ ಹೇಳಿದೆ. ಆದರೆ ಯಾಕೆ ಇಲ್ಲ ಅಂತ ಹೇಳಲು ನನಗೆ ಗೊತ್ತಿರಲಿಲ್ಲ. ಈ ನಲವತ್ತು ದಿನ ಎಲ್ಲಿಂದ ಬಂತು, ಯಾರು ನಿಯಮ ಮಾಡಿದರು, ಮನೆಯಲ್ಲಿ ಅದನ್ನು ಹೇಗೆ ನಡೆಸಬೇಕು ಅಂತ ಅಂದಿನಿಂದ ಓದುತ್ತಾ ಬಂದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಕ್ರೈಸ್ತರಲ್ಲದಿದ್ದರೂ ಓದಿ. ಉಪವಾಸ ಇರುವ ಹಿರಿಯರು ಯಾರ ಮನೆಯಲ್ಲಿ ಇಲ್ಲ?

ಮೊದಲಿಗೆ ಒಂದೇ ದಿನ

ಗೊತ್ತಿಲ್ಲದವರಿಗೆ ಎರಡು ಮಾತು. ಪಾಸ್ಖ ಅಥವಾ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ನಮ್ಮ ಕಡೆ ತಪಸ್ಸುಕಾಲ ಅನ್ನುತ್ತೇವೆ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವುದರಿಂದ ಇದು ಶುರು. ಕ್ಯಾಲೆಂಡರಿನಲ್ಲಿ ಎಣಿಸಿದರೆ 46 ದಿನ ಬರುತ್ತದೆ. ಭಾನುವಾರ ಉಪವಾಸದ ದಿನವಲ್ಲ, ಆದ್ದರಿಂದ ಆರು ಭಾನುವಾರ ಕಳೆದರೆ 40. ಯೇಸುಸ್ವಾಮಿ ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸ ಇದ್ದರು ಎಂಬುದು ಇದಕ್ಕೆ ಆಧಾರ.

ಮೊದಲಿನಿಂದಲೂ ಹೀಗೇ ಇತ್ತು ಅಂತ ನಾನು ತಿಳಿದಿದ್ದೆ. ಹಾಗಿರಲಿಲ್ಲ. 2ನೇ ಶತಮಾನದ ಕೊನೆಯಲ್ಲಿ ಇರೇನಿಯಸ್ ಎಂಬ ಬಿಷಪ್ ರೋಮಿಗೆ ಒಂದು ಪತ್ರ ಬರೆದಿದ್ದರು. ಪಾಸ್ಖಕ್ಕೆ ಮುಂಚೆ ಕೆಲವರು ಒಂದು ದಿನ ಉಪವಾಸ ಇರುತ್ತಾರೆ, ಕೆಲವರು ಎರಡು ದಿನ, ಇನ್ನು ಕೆಲವರು ಹೆಚ್ಚು ದಿನ, ಮತ್ತೆ ಕೆಲವರು ನಲವತ್ತು ಗಂಟೆ ಎಂದು ಅದರಲ್ಲಿದೆ. ಊರಿಗೊಂದು ಪದ್ಧತಿ ಇದ್ದರೂ ಎಲ್ಲರೂ ಸಮಾಧಾನದಿಂದಲೇ ಇದ್ದೇವಲ್ಲ ಎಂಬುದು ಅವರ ವಾದ. ನಲವತ್ತು ದಿನದ ಕಾಲ ಅಂತ ಒಂದಿದೆ ಎಂಬುದಕ್ಕೆ 325ರಲ್ಲಿ ನೈಸಿಯಾ ಎಂಬಲ್ಲಿ ನಡೆದ ದೊಡ್ಡ ಸಭೆಯ ನಿಯಮಗಳಲ್ಲಿ ಉಲ್ಲೇಖ ಸಿಗುತ್ತದೆ. ಅಂದರೆ ಯೇಸುವಿನ ಕಾಲದಿಂದ ಸುಮಾರು ಮುನ್ನೂರು ವರ್ಷದ ನಂತರ.

ಅದಾದ ಮೇಲೆ ಸಿಗುವುದು ಒಬ್ಬ ಹೆಣ್ಣುಮಗಳ ಬರಹ. ಹೆಸರು ಎಗೇರಿಯಾ. 380ರ ದಶಕದಲ್ಲಿ ಪಶ್ಚಿಮದ ದೂರದ ನಾಡಿನಿಂದ ಜೆರೂಸಲೇಮಿಗೆ ಯಾತ್ರೆ ಹೋಗಿದ್ದವಳು. ಅಲ್ಲಿ ಕಂಡದ್ದನ್ನೆಲ್ಲ ತನ್ನ ಊರಿನ ಅಕ್ಕತಂಗಿಯರಿಗೆ ಬರೆದು ತಿಳಿಸಿದಳು. ಆ ಬರಹ ನೂರಾರು ವರ್ಷ ಕಳೆದುಹೋಗಿತ್ತು. 1884ರಲ್ಲಿ ಇಟಲಿಯ ಅರೆಝೋ ಪಟ್ಟಣದ ಒಂದು ಗ್ರಂಥಾಲಯದಲ್ಲಿ ಅದರ ಹಳೆಯ ಪ್ರತಿ ಸಿಕ್ಕಿತು.

ಜೆರೂಸಲೇಮಿನಲ್ಲಿ ಆಗ ಎಂಟು ವಾರ ತಪಸ್ಸುಕಾಲ ಇತ್ತಂತೆ. ಶನಿವಾರ, ಭಾನುವಾರ ಬಿಟ್ಟು ಲೆಕ್ಕ. ರೊಟ್ಟಿ ಇಲ್ಲ, ಎಣ್ಣೆ ಇಲ್ಲ, ಹಣ್ಣು ಇಲ್ಲ. ನೀರು ಮತ್ತು ಸ್ವಲ್ಪ ಹಿಟ್ಟಿನ ಗಂಜಿ ಅಷ್ಟೆ. ಓದುವಾಗ ನನಗೆ ನಮ್ಮ ರಾಗಿ ಅಂಬಲಿ ನೆನಪಾಯಿತು. ಕೆಲವರು ವಾರಕ್ಕೆ ಒಂದೇ ಸಲ ಉಣ್ಣುತ್ತಿದ್ದರು. ಅದು ಆಗದವರು ವಾರದ ನಡುವೆ ಒಮ್ಮೆ ಉಣ್ಣುತ್ತಿದ್ದರು. ಅದೂ ಆಗದವರು ದಿನಾ ಸಂಜೆ. ಇಷ್ಟೇ ಮಾಡಬೇಕು ಅಂತ ಅಲ್ಲಿ ಯಾರೂ ಯಾರನ್ನೂ ಒತ್ತಾಯಿಸುವುದಿಲ್ಲ ಎಂದು ಎಗೇರಿಯಾ ಬರೆಯುತ್ತಾಳೆ. ಅವರವರ ಕೈಲಾದಷ್ಟು ಮಾಡುತ್ತಾರೆ, ಹೆಚ್ಚು ಮಾಡಿದವರನ್ನು ಹೊಗಳುವುದಿಲ್ಲ, ಕಡಿಮೆ ಮಾಡಿದವರನ್ನು ತೆಗಳುವುದಿಲ್ಲ.

ಇದನ್ನು ಅವ್ವನಿಗೆ ಹೇಳಿದೆ. "ಜೆರೂಸಲೇಮಲ್ಲೇ ಹಂಗಿತ್ತಾ?" ಅಂದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಬಿಟ್ಟ ಊಟದ ಲೆಕ್ಕ

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ವಿಷಯ. ಉಪವಾಸ ಅಂದರೆ ಊಟ ಬಿಡುವುದು ಅಂತ ನಾವು ತಿಳಿದಿದ್ದೇವೆ. ಬಿಟ್ಟ ಆ ಊಟ ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹಳಬರು ಕೇಳಿದ್ದರು.

ಹಳೆಯ ಒಡಂಬಡಿಕೆಯಲ್ಲಿ ಯೆಶಾಯನ ಪ್ರವಾದನೆಯ 58ನೇ ಅಧ್ಯಾಯದ ಬಹುಪಾಲು ಇದೇ ವಿಷಯ. ಉಪವಾಸದ ದಿನವೂ ಕೂಲಿಯಾಳುಗಳನ್ನು ಹಿಂಸಿಸಿ ದುಡಿಸಿಕೊಳ್ಳುವವರನ್ನು ಪ್ರವಾದಿ ಅಲ್ಲಿ ಗದರಿಸುತ್ತಾನೆ. ಹಸಿದವರಿಗೆ ಅನ್ನ ಹಂಚುವುದು, ಮನೆ ಇಲ್ಲದವರನ್ನು ಒಳಗೆ ಕರೆಯುವುದು, ಇದೇ ದೇವರಿಗೆ ಬೇಕಾದ ಉಪವಾಸ ಎಂದು ಹೇಳುತ್ತಾನೆ.

2ನೇ ಶತಮಾನದಲ್ಲಿ ಅಥೆನ್ಸಿನ ಅರಿಸ್ಟೈಡಿಸ್ ಎಂಬುವನು ಕ್ರೈಸ್ತರು ಹೇಗೆ ಬದುಕುತ್ತಾರೆ ಅಂತ ರೋಮಿನ ಚಕ್ರವರ್ತಿಗೆ ವಿವರಿಸಿ ಒಂದು ಬರಹ ಒಪ್ಪಿಸಿದ. ತಮ್ಮಲ್ಲಿ ಒಬ್ಬ ಬಡವನಿದ್ದು, ಅವನಿಗೆ ಕೊಡಲು ಕೈಯಲ್ಲಿ ಏನೂ ಇಲ್ಲದಿದ್ದರೆ ಅವರು ಎರಡು ಮೂರು ದಿನ ಉಪವಾಸ ಇದ್ದು, ಉಳಿಸಿದ್ದನ್ನು ಅವನಿಗೆ ಕೊಡುತ್ತಾರೆ ಎಂಬ ಮಾತು ಅದರಲ್ಲಿದೆ. ಶ್ರೀಮಂತರ ದಾನದ ಮಾತಲ್ಲ ಇದು. ತಮಗೇ ಇಲ್ಲದವರು ತಮ್ಮ ತಟ್ಟೆಯಿಂದ ತೆಗೆದುಕೊಟ್ಟದ್ದು.

ಅದೇ ಶತಮಾನದಲ್ಲಿ ರೋಮಿನಲ್ಲಿ ಹೆರ್ಮಾಸ್ ಎಂಬುವನು ಬರೆದ ಪುಸ್ತಕದಲ್ಲಿ ಇನ್ನೂ ಸ್ಪಷ್ಟವಾದ ಲೆಕ್ಕ ಇದೆ. ಉಪವಾಸದ ದಿನ ರೊಟ್ಟಿ, ನೀರು ಮಾತ್ರ ತೆಗೆದುಕೊ. ಆ ದಿನ ನೀನು ತಿನ್ನಬೇಕಿದ್ದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತು ಲೆಕ್ಕ ಹಾಕು. ಅಷ್ಟು ದುಡ್ಡನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡು. ಮಕ್ಕಳ ಜೊತೆ, ಮನೆಯವರೆಲ್ಲರ ಜೊತೆ ಸೇರಿ ಇದನ್ನು ಮಾಡು. ಅವನ ಸೂಚನೆಯ ಸಾರ ಇಷ್ಟು.

ಇವೆರಡೂ ತಪಸ್ಸುಕಾಲ ರೂಢಿಗೆ ಬರುವುದಕ್ಕೂ ಮುಂಚಿನವು. ನಲವತ್ತು ದಿನದ ಪದ್ಧತಿ ನೆಲೆಗೊಂಡ ಮೇಲೆಯೂ ಈ ಮಾತು ನಿಲ್ಲಲಿಲ್ಲ. 440ರಿಂದ 461ರವರೆಗೆ ಪೋಪ್ ಆಗಿದ್ದ ಲಿಯೋ ತಮ್ಮ ತಪಸ್ಸುಕಾಲದ ಬೋಧನೆಗಳಲ್ಲಿ ಮತ್ತೆ ಮತ್ತೆ ಹೇಳಿದ್ದು ಇದನ್ನೇ. ನಾವು ಬಿಟ್ಟದ್ದು ಬಡವರ ಹೊಟ್ಟೆ ಸೇರಬೇಕು. ಪ್ರಾರ್ಥನೆ, ಉಪವಾಸ, ದಾನ ಈ ಮೂರನ್ನೂ ಒಟ್ಟಿಗೆ ಕಟ್ಟಿಯೇ ಸಭೆ ಹೇಳಿಕೊಂಡು ಬಂದಿದೆ. ವಿಭೂತಿ ಬುಧವಾರ ದೇವಾಲಯದಲ್ಲಿ ಓದುವ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಮೊದಲು ಬರುವುದು ದಾನ, ಆಮೇಲೆ ಪ್ರಾರ್ಥನೆ, ಕೊನೆಗೆ ಉಪವಾಸ.

ನಮ್ಮ ಮನೆ ಲೆಕ್ಕ ನಾಚಿಕೆ ಬಿಟ್ಟು ಹೇಳುತ್ತೇನೆ. ತಪಸ್ಸುಕಾಲ ಪೂರ್ತಿ ನಾವು ಮಾಂಸ ತರುವುದಿಲ್ಲ. ಭಾನುವಾರದ ಕೋಳಿಯೂ ಇಲ್ಲ. ಹಾಗೆ ಉಳಿದ ದುಡ್ಡು ಪಾಸ್ಖದ ದಿನ ಮಟನ್ ಅಂಗಡಿಗೆ ಹೋಗುತ್ತಿತ್ತು. ನಲವತ್ತು ದಿನ ಬಿಟ್ಟದ್ದನ್ನು ನಲವತ್ತೊಂದನೇ ದಿನ ನಾವೇ ತಿಂದು ಮುಗಿಸುತ್ತಿದ್ದೆವು.

ನಿಯಮ ಬಿಗಿಯಾದ ಕಥೆ

ಕೈಲಾದಷ್ಟು ಮಾಡಿ ಎಂಬುದು ಕಟ್ಟುನಿಟ್ಟಿನ ನಿಯಮ ಆದದ್ದು ನಿಧಾನವಾಗಿ. 590ರಿಂದ 604ರವರೆಗೆ ಪೋಪ್ ಆಗಿದ್ದ ಗ್ರೆಗರಿಯ ಕಾಲದಲ್ಲಿ ರೋಮಿನಲ್ಲಿ ಆರು ವಾರದ ಕಾಲವಿತ್ತು. ಭಾನುವಾರ ಬಿಟ್ಟರೆ 36 ದಿನ. ವರ್ಷದ ದಿನಗಳಲ್ಲಿ ಇದು ಹತ್ತನೇ ಒಂದು ಪಾಲು, ಬೆಳೆಯಲ್ಲಿ ದಶಾಂಶ ಕೊಡುವ ಹಾಗೆ ದಿನಗಳಲ್ಲಿ ದಶಾಂಶ ಎಂದು ಅವರು ವಿವರಿಸಿದರು. ಆಮೇಲೆ ಮುಂದಕ್ಕೆ ನಾಲ್ಕು ದಿನ ಸೇರಿಸಿ 40 ಮಾಡಿದರು. ಹಾಗಾಗಿಯೇ ತಪಸ್ಸುಕಾಲ ಬುಧವಾರ ಶುರುವಾಗುವುದು. ಬೂದಿ ಮೊದಲು ದೊಡ್ಡ ಪಾಪ ಮಾಡಿ ಪ್ರಾಯಶ್ಚಿತ್ತಕ್ಕೆ ನಿಂತವರಿಗೆ ಮಾತ್ರ ಇತ್ತು. ಎಲ್ಲರೂ ಹಚ್ಚಿಸಿಕೊಳ್ಳಬೇಕು ಎಂದು 1091ರಲ್ಲಿ ಇಟಲಿಯ ಬೆನೆವೆಂಟೊ ಸಭೆಯಲ್ಲಿ ತೀರ್ಮಾನವಾಯಿತು.

ಮಧ್ಯಯುಗದ ಯುರೋಪಿನಲ್ಲಿ ಮಾಂಸದ ಜೊತೆ ಮೊಟ್ಟೆ, ಹಾಲು, ಬೆಣ್ಣೆಯೂ ನಿಷೇಧ. ಎಣ್ಣೆ ಬೆಳೆಯದ ಚಳಿ ದೇಶಗಳಲ್ಲಿ ಬೆಣ್ಣೆ ಇಲ್ಲದೆ ಅಡುಗೆಯೇ ಕಷ್ಟ. ಅದಕ್ಕೆ ಕಾಣಿಕೆ ಕೊಟ್ಟು ಅನುಮತಿ ಪಡೆಯುವ ದಾರಿ ಹುಟ್ಟಿತು. ಫ್ರಾನ್ಸಿನ ರೂವಾನ್ ನಗರದ ಮಹಾದೇವಾಲಯಕ್ಕೆ 1485ರಿಂದ ಕಟ್ಟಿದ ಒಂದು ಗೋಪುರವನ್ನು ಇವತ್ತಿಗೂ 'ಬೆಣ್ಣೆ ಗೋಪುರ' ಅನ್ನುತ್ತಾರೆ. ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ಜನ ಕೊಟ್ಟ ದುಡ್ಡು ಅದಕ್ಕೆ ಸೇರಿತ್ತು. ಉಳ್ಳವರು ಕಾಣಿಕೆ ಕೊಟ್ಟು ಬೆಣ್ಣೆ ತಿನ್ನಬಹುದಿತ್ತು. ಇಲ್ಲದವರಿಗೆ ಒಣ ಊಟವೇ ಗತಿ.

ಹಾಗಂತ ಆಗಲೂ ಸಭೆಗೆ ಕರುಣೆ ಇರಲಿಲ್ಲ ಅಂತಲ್ಲ. 13ನೇ ಶತಮಾನದ ದೊಡ್ಡ ಪಂಡಿತ ತಾಮಸ ಅಕ್ವಿನಾಸ್ ಉಪವಾಸದ ನಿಯಮ ಯಾರಿಗೆ ಅನ್ವಯಿಸುವುದಿಲ್ಲ ಅಂತ ಬರೆದಿದ್ದಾರೆ. ಬೆಳೆಯುವ ಮಕ್ಕಳು, ತಿರಿದು ತಿನ್ನುವುದರಿಂದ ಒಂದು ಹೊತ್ತಿಗೂ ಸಾಕಷ್ಟು ಸಿಗದ ಬಡವರು ಆ ಪಟ್ಟಿಯಲ್ಲಿದ್ದಾರೆ. ದುಡಿಯುವವರು, ದಾರಿ ನಡೆಯುವವರು ಬೇರೆ ದಾರಿ ಇಲ್ಲದಿದ್ದರೆ ಅವರಿಗೂ ವಿನಾಯಿತಿ.

ದುಡಿಯುವವರ ಮಾತು 1522ರಲ್ಲಿ ಒಂದು ದೊಡ್ಡ ಗಲಾಟೆಗೆ ಕಾರಣವಾಯಿತು. ಸ್ವಿಟ್ಜರ್ಲೆಂಡಿನ ಝೂರಿಕ್ ನಗರದಲ್ಲಿ ಕ್ರಿಸ್ಟೋಫ್ ಫ್ರೋಶೌವರ್ ಎಂಬ ಅಚ್ಚುಕೂಟದ ಮಾಲೀಕ ಇದ್ದ. ಫ್ರಾಂಕ್‌ಫರ್ಟ್ ಜಾತ್ರೆಗೆ ಪುಸ್ತಕ ಮುಗಿಸಬೇಕು ಅಂತ ಅವನ ಆಳುಗಳು ಹಗಲು ರಾತ್ರಿ ದುಡಿಯುತ್ತಿದ್ದರು. ತಪಸ್ಸುಕಾಲದಲ್ಲೇ ಅವರ ಊಟಕ್ಕೆ ಸಾಸೇಜ್, ಅಂದರೆ ಮಸಾಲೆ ತುಂಬಿ ಒಣಗಿಸಿದ ಮಾಂಸ, ಬಡಿಸಲಾಯಿತು. ನಗರಸಭೆ ವಿಚಾರಣೆ ನಡೆಸಿದಾಗ, ಇಷ್ಟು ದುಡಿಯುವವರು ಬರೀ ಗಂಜಿ ಕುಡಿದು ಇರಲು ಆಗುವುದಿಲ್ಲ, ದಿನಾ ಮೀನು ಕೊಳ್ಳುವ ಶಕ್ತಿ ನನಗಿಲ್ಲ ಎಂದು ಅವನು ಹೇಳಿದ. ಆ ಊಟದಲ್ಲಿ ಉಲ್ರಿಕ್ ಝ್ವಿಂಗ್ಲಿ ಎಂಬ ಗುರುವೂ ಇದ್ದರು. ಅವರು ತಿನ್ನಲಿಲ್ಲ. ಆದರೆ ತಿಂದವರ ಪರವಾಗಿ ದೇವಾಲಯದಲ್ಲಿ ಬೋಧಿಸಿದರು. ಉಪವಾಸ ಇರಬೇಕೆನಿಸಿದವನು ಇರಲಿ, ಇನ್ನೊಬ್ಬನ ಮೇಲೆ ಹೇರುವುದು ಬೇಡ ಎಂಬುದು ಅದರ ಸಾರ. ಸ್ವಿಟ್ಜರ್ಲೆಂಡಿನಲ್ಲಿ ಪ್ರಾಟೆಸ್ಟೆಂಟ್ ಸುಧಾರಣೆ ಶುರುವಾದದ್ದೇ ಈ ಘಟನೆಯಿಂದ ಎಂದು ಚರಿತ್ರೆಕಾರರು ಹೇಳುತ್ತಾರೆ.

ಅದೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಹೊರಟ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ನಮ್ಮ ರಾಜ್ಯದ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಉಪವಾಸ ಕಡ್ಡಾಯವಲ್ಲ, ಅವರವರ ಮನಸ್ಸಿಗೆ ಬಿಟ್ಟದ್ದು ಎನ್ನುವುದರ ಹಿಂದೆ ಝೂರಿಕ್ಕಿನ ಆ ಊಟದ ಕಥೆಯೂ ಇದೆ.

ಕನ್ನಡ ನೆಲಕ್ಕೆ ಬಂದಾಗ

ಮಂಗಳೂರಿಗೆ ಬಾಸೆಲ್ ಮಿಷನ್ ಬರುವುದಕ್ಕೂ ಸುಮಾರು ಇನ್ನೂರು ವರ್ಷ ಮುಂಚೆಯೇ ಮೈಸೂರು ಸೀಮೆಯಲ್ಲಿ ಕ್ಯಾಥೋಲಿಕ್ ಗುರುಗಳು ನೆಲೆಸಿದ್ದರು. 17ನೇ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು. ಮೈಸೂರು ಮಿಷನ್ನಿನ ಗುರುಗಳು ಇಲ್ಲಿನ ಸನ್ಯಾಸಿಗಳ ಹಾಗೆ ಕಾವಿ ಉಟ್ಟರು, ಮಾಂಸ ಮದ್ಯ ಬಿಟ್ಟರು. ಯುರೋಪಿನಲ್ಲಿ ವರ್ಷಕ್ಕೆ ನಲವತ್ತು ದಿನ ಇದ್ದ ಊಟದ ಕಟ್ಟು ಅವರಿಗೆ ಇಲ್ಲಿ ವರ್ಷಪೂರ್ತಿ ಆಯಿತು.

ಏಕಾದಶಿ, ಶಿವರಾತ್ರಿ, ರಂಜಾನ್, ಜೈನರ ವ್ರತಗಳು ಇದ್ದ ನೆಲ ಇದು. ಉಪವಾಸ ಅಂದರೆ ಏನು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕನ್ನಡ ಕ್ರೈಸ್ತರ ಬಾಯಲ್ಲಿ ಈ ಕಾಲಕ್ಕೆ 'ತಪಸ್ಸು' ಅಂತಲೇ ಹೆಸರು, ಬೂದಿಗೆ 'ವಿಭೂತಿ' ಅಂತಲೇ ಹೆಸರು. ಅವ್ವ ಹೇಳುವ 'ಒಪ್ಪೊತ್ತು' ನಮ್ಮ ಬೀದಿಯ ಎಲ್ಲ ಜಾತಿಯವರ ಮಾತು. ಈ ವರ್ಷ, 2026ರಲ್ಲಿ, ಶಿವರಾತ್ರಿ ಫೆಬ್ರವರಿ 15ಕ್ಕೆ ಬಂತು, ವಿಭೂತಿ ಬುಧವಾರ 18ಕ್ಕೆ. ರಂಜಾನ್ ಉಪವಾಸವೂ ಅದೇ ವಾರ ಶುರುವಾಯಿತು. ಒಂದೇ ವಾರದಲ್ಲಿ ನಮ್ಮೂರಿನ ಮೂರೂ ಧರ್ಮದ ಮನೆಗಳಲ್ಲಿ ಉಪವಾಸ.

ಕರಾವಳಿಯ ಮನೆಗಳಲ್ಲಿ ಇನ್ನೊಂದು ರೂಢಿ ಇತ್ತು, ಓದಿ ಕೇಳುವುದು. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಗುರು ಯೇಸುವಿನ ಕಥೆಯನ್ನು ಮರಾಠಿಯಲ್ಲಿ, ಕೊಂಕಣಿ ಬೆರೆಸಿ, ಓವಿ ಪದ್ಯಗಳಲ್ಲಿ ಬರೆದರು. 'ಕ್ರಿಸ್ತಪುರಾಣ' ಎಂಬ ಆ ಕಾವ್ಯ 1616ರಲ್ಲಿ ಗೋವೆಯ ರಾಚೋಲದಲ್ಲಿ ಅಚ್ಚಾಯಿತು, 1907ರಲ್ಲಿ ಮಂಗಳೂರಿನಲ್ಲಿ ಮತ್ತೆ ಅಚ್ಚಾಯಿತು. ನಮ್ಮಲ್ಲಿ ಜೈಮಿನಿ ಭಾರತ ಓದಿಸಿ ಕೇಳುತ್ತಿದ್ದ ಹಾಗೆ ಅದನ್ನು ಹಾಡಿ ಕೇಳುತ್ತಿದ್ದರು. ಓದಲು ಬಾರದವರೂ ಕೇಳಿ ಕೇಳಿಯೇ ಕಥೆ ಕಲಿತರು.

ಶುಕ್ರವಾರದ ಶಿಲುಬೆ ಹಾದಿ ಎಲ್ಲ ಕ್ಯಾಥೋಲಿಕ್ ಊರುಗಳಿಗೂ ಗೊತ್ತು. ಜೆರೂಸಲೇಮಿಗೆ ಹೋಗಲಾಗದವರು ತಮ್ಮ ಊರಿನಲ್ಲೇ ಯೇಸುವಿನ ಹಿಂದೆ ನಡೆಯಲಿ ಅಂತ ಹುಟ್ಟಿದ ಪದ್ಧತಿ ಇದು. ಇದನ್ನು ಊರೂರಿಗೆ ಹಬ್ಬಿಸಿದವರು ಫ್ರಾನ್ಸಿಸ್ಕನ್ ಗುರುಗಳು. 14 ಸ್ಥಳಗಳು ಎಂದು ಖಚಿತವಾದದ್ದು 1731ರಲ್ಲಿ. ಇದಕ್ಕೆ ಖರ್ಚಿಲ್ಲ, ಉಪವಾಸ ಇರಲಾಗದವರೂ ನಡೆಯಬಹುದು, ನಡೆಯಲಾಗದವರು ಕೂತು ಪ್ರಾರ್ಥಿಸಬಹುದು.

1966ರಲ್ಲಿ ಬದಲಾದದ್ದು

ಈಗ ಅವ್ವನ ಪ್ರಶ್ನೆಗೆ ಬರುತ್ತೇನೆ. ಅವಳ ಅಪ್ಪ ಅವ್ವ ನಲವತ್ತು ದಿನ ಒಪ್ಪೊತ್ತು ಇದ್ದದ್ದು ನಿಜ. ಆಗ ನಿಯಮವೇ ಹಾಗಿತ್ತು. 1917ರ ಸಭಾ ಕಾನೂನಿನ ಪ್ರಕಾರ 21 ತುಂಬಿದವರಿಂದ 59 ತುಂಬುವವರೆಗೆ ಭಾನುವಾರ ಬಿಟ್ಟು ತಪಸ್ಸುಕಾಲದ ಎಲ್ಲ ದಿನ ಉಪವಾಸ. ಗಮನಿಸಿ, ಆ ಹಳೇ ಬಿಗಿ ಕಾನೂನಿನಲ್ಲೂ 68ರ ಮುದುಕಿಗೆ ಉಪವಾಸ ಕಡ್ಡಾಯ ಇರಲಿಲ್ಲ.

1966ರ ಫೆಬ್ರವರಿ 17ರಂದು ಪೋಪ್ 6ನೇ ಪೌಲ್ ಹೊಸ ಆಜ್ಞೆ ಹೊರಡಿಸಿದರು. ಕಡ್ಡಾಯ ಉಪವಾಸ ಎರಡೇ ದಿನಕ್ಕೆ ಇಳಿಯಿತು, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳಲ್ಲೂ ಒಂದು ಪೂರ್ತಿ ಊಟದ ಜೊತೆಗೆ ಬೆಳಿಗ್ಗೆ, ರಾತ್ರಿ ಸ್ವಲ್ಪ ತಿನ್ನಬಹುದು. 1983ರ ಕಾನೂನಿನಲ್ಲಿ ವಯಸ್ಸು 18 ತುಂಬಿದವರಿಂದ 59 ತುಂಬುವವರೆಗೆ ಎಂದಾಯಿತು. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ.

1966ರ ಆ ಆಜ್ಞೆಯಲ್ಲಿ ಇನ್ನೊಂದು ಮಾತಿದೆ. ಅದು ನಮ್ಮ ಊರುಗಳಿಗೆ ತಲುಪಲಿಲ್ಲ ಅಂತ ನನಗನ್ನಿಸುತ್ತದೆ. ಅನುಕೂಲವಾಗಿರುವ ದೇಶದವರು ತಾವು ಬಿಟ್ಟು, ಹಸಿದ ದೇಶದವರಿಗೆ ನೆರವಾಗಬೇಕು. ಬಡತನ ಇರುವ ಕಡೆಯ ಜನ ತಮ್ಮ ಕಷ್ಟವನ್ನೇ ದೇವರಿಗೆ ಒಪ್ಪಿಸಿ, ನ್ಯಾಯಕ್ಕಾಗಿ ದುಡಿಯುವುದೂ ತಪಸ್ಸೇ. ಆಗ ನಮ್ಮ ದೇಶದಲ್ಲಿ ಬರ, ಆಹಾರದ ಕೊರತೆ. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ 1965ರಲ್ಲಿ ಕೇಳಿಕೊಂಡಿದ್ದರು. ಸೋಮವಾರ ರಾತ್ರಿ ಒಲೆ ಹಚ್ಚದೆ ಇದ್ದದ್ದನ್ನು ನೆನೆಸಿಕೊಳ್ಳುವ ಹಿರಿಯರು ಇವತ್ತಿಗೂ ಸಿಗುತ್ತಾರೆ.

ನಿಯಮ ಇಳಿಯಿತು. ಅದರ ಜಾಗಕ್ಕೆ ಏನು ತರಬೇಕು ಅನ್ನುವುದನ್ನು ಸಭೆ ಮನೆಗಳಿಗೇ ಬಿಟ್ಟಿತು. ಬಹಳ ಮನೆಗಳಲ್ಲಿ ಆ ಜಾಗ ಖಾಲಿಯೇ ಉಳಿಯಿತು. ನನ್ನ ಮನೆಯಲ್ಲಿ ಅವ್ವ ಹಳೆಯದನ್ನೇ ಹಿಡಿದುಕೊಂಡಳು, ನಾನು ಏನೂ ಹಿಡಿಯಲಿಲ್ಲ.

ಕೆಲವು ಕಡೆ ಆ ಜಾಗ ತುಂಬಿದವರಿದ್ದಾರೆ. 1975ರಲ್ಲಿ ಆಫ್ರಿಕಾದ ಸಾಹೇಲ್ ಪ್ರದೇಶದ ಬರಗಾಲ ಕಂಡು ಅಮೆರಿಕದ ಪೆನ್ಸಿಲ್ವೇನಿಯಾದ ಅಲೆನ್‌ಟೌನ್ ಎಂಬಲ್ಲಿ ಮನೆಮನೆಯ ಊಟದ ಮೇಜಿನ ಮೇಲೆ ಅಕ್ಕಿ ಬಟ್ಟಲು ಎಂಬ ಹೆಸರಿನ ರಟ್ಟಿನ ಡಬ್ಬಿ ಇಡುವ ಪದ್ಧತಿ ಶುರುವಾಯಿತು. ತಪಸ್ಸುಕಾಲದಲ್ಲಿ ಸರಳ ಊಟ ಮಾಡಿ ಉಳಿದ ಚಿಲ್ಲರೆ ಅದಕ್ಕೆ ಹಾಕುವುದು. ಆಮೇಲೆ ಅದು ಅಮೆರಿಕದ ತುಂಬ ಹಬ್ಬಿತು.

ಅದಕ್ಕಿಂತ ಬಹಳ ಹಿಂದೆ, ನಮ್ಮ ದೇಶದ ಮಿಜೋರಾಮಿನಲ್ಲಿ 1910ರಿಂದ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಇಡುತ್ತಾ ಬಂದಿದ್ದಾರೆ. ಅವರ ಭಾಷೆಯಲ್ಲಿ ಅದಕ್ಕೆ 'ಬುಹ್‌ಫೈ ಥಾಮ್' ಅನ್ನುತ್ತಾರೆ. ಹಾಗೆ ಕೂಡಿದ ಅಕ್ಕಿ ಮಾರಿ ಬಂದ ದುಡ್ಡು ಸಭೆಯ ಕೆಲಸಗಳಿಗೆ ಹೋಗುತ್ತದೆ. ಇದು ತಪಸ್ಸುಕಾಲಕ್ಕೆ ಮಾತ್ರ ಅಲ್ಲ, ದಿನನಿತ್ಯದ್ದು. ಕೈಯಲ್ಲಿ ದುಡ್ಡಿಲ್ಲದ ಹೆಂಗಸೂ ಕೊಡಬಹುದಾದದ್ದು. ಮಠಗಳಿಗೆ ಮುಷ್ಟಿ ಅಕ್ಕಿ ಎತ್ತಿಡುವುದು ಗೊತ್ತಿರುವ ನಮ್ಮ ಕಡೆಯವರಿಗೆ ಇದು ಹೊಸದಾಗಿ ಕಾಣುವುದಿಲ್ಲ.

ಈ ವರ್ಷ ನಮ್ಮ ಮನೆಯಲ್ಲಿ

ಇದೆಲ್ಲ ಓದಿ ಸುಮ್ಮನಿದ್ದರೆ ಏನು ಪ್ರಯೋಜನ? ವಿಭೂತಿ ಬುಧವಾರಕ್ಕೆ ಎರಡು ದಿನ ಮುಂಚೆ ರಾತ್ರಿ ಊಟ ಆದ ಮೇಲೆ ನಾಲ್ಕೂ ಜನ ಕೂತು ಮಾತಾಡಿದೆವು.

ಮೊದಲನೆಯದು ಅವ್ವನ ವಿಷಯ. ಕಾನೂನಿನ ವಯಸ್ಸು ಹೇಳಿದೆ, ಒಪ್ಪಲಿಲ್ಲ. ನಮ್ಮ ಸ್ವಾಮಿಯವರ ಹತ್ತಿರ ಕರೆದುಕೊಂಡು ಹೋದೆ. "ಅಮ್ಮಾ, ಮಾತ್ರೆ ನುಂಗಿ ಊಟ ಬಿಟ್ಟರೆ ಅದು ತಪಸ್ಸಲ್ಲ. ಹೊತ್ತಿಗೆ ಸರಿಯಾಗಿ ತಿನ್ನಿ, ಅದನ್ನೇ ದೇವರಿಗೆ ಒಪ್ಪಿಸಿ" ಅಂದರು. ನಾನು ಹೇಳಿದರೆ ಕೇಳದವಳು ಅವರ ಮಾತಿಗೆ ತಲೆ ಆಡಿಸಿದಳು. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರು ಉಪವಾಸ ಇರುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ, ಆಮೇಲೆ ಗುರುಗಳ ಹತ್ತಿರ ಕರೆದುಕೊಂಡು ಹೋಗಿ. ಬಸುರಿ, ಬಾಣಂತಿಯರಿಗೂ ಇದೇ ಮಾತು.

ಎರಡನೆಯದು ಹಿಡಿ ಅಕ್ಕಿ. ಇದರ ಯಜಮಾನಿಕೆ ಅವ್ವನದೇ. ದಿನಕ್ಕೆ ಎರಡು ಹೊತ್ತು ಅಕ್ಕಿ ಅಳೆದ ಮೇಲೆ ಒಂದು ಹಿಡಿ ಹಳೇ ಗಡಿಗೆಗೆ. ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾಳೆ. ಮರೆತ ದಿನ ಅಜ್ಜಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ.

ಮೂರನೆಯದು ಹೆರ್ಮಾಸನ ಲೆಕ್ಕ. ಭಾನುವಾರದ ಒಂದು ಕೆಜಿ ಕೋಳಿಗೆ 250 ರೂಪಾಯಿ ಅಂತ ಹಿಡಿದು ಒಂದು ಡಬ್ಬಿಗೆ. ಪಾಸ್ಖದ ಮಟನ್‌ಗೆ ಅದನ್ನು ಮುಟ್ಟುವಂತಿಲ್ಲ.

ನಾಲ್ಕನೆಯದು ಓದು. ರಾತ್ರಿ ಊಟಕ್ಕೆ ಕೂರುವ ಮುಂಚೆ ಹತ್ತು ನಿಮಿಷ ಎಲ್ಲರ ಫೋನೂ ಕಪಾಟಿನೊಳಗೆ. ಮಗಳು ಮಾರ್ಕನ ಸುವಾರ್ತೆ ಓದುತ್ತಾಳೆ, ನಾವು ಕೇಳುತ್ತೇವೆ. ಕಪಾಟಿಗೆ ಫೋನ್ ಇಡಲು ಹೆಚ್ಚು ಕಷ್ಟಪಟ್ಟವನು ನಾನೇ. ಸುದ್ದಿ ಬಂದುಬಿಟ್ಟರೆ ಅಂತ ನೆವ.

ಐದನೆಯದು ನಾನು ಯೋಚಿಸಿದ್ದಲ್ಲ. ಕೇರಳದಿಂದ ಬಂದು ದಕ್ಷಿಣ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಕಡೆ ನೆಲೆಸಿದ ಸಿರಿಯನ್ ಕ್ರೈಸ್ತರು ಇದ್ದಾರಲ್ಲ, ಅವರಲ್ಲಿ ತಪಸ್ಸುಕಾಲ ಶುರುವಾಗುವುದು ಸೋಮವಾರ. ಅವರಲ್ಲಿ ಸಿರಿಯನ್ ಆರ್ಥಡಾಕ್ಸ್ ಸಭೆಯಲ್ಲಿ ಆ ದಿನ 'ಶುಬ್ಕೋನೋ' ಎಂಬ ಪ್ರಾರ್ಥನೆ ನಡೆಯುತ್ತದೆ. ಗುರುಗಳೂ ಸೇರಿ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಉಪವಾಸಕ್ಕೆ ಕಾಲಿಡುವ ಮುಂಚೆ ಜಗಳ ತೀರಿಸಿಕೊಳ್ಳಬೇಕು ಅಂತ. ಮಾತಿನ ನಡುವೆ ಇದನ್ನು ಹೇಳಿದೆ ಅಷ್ಟೆ. ಅವ್ವ ಏನೂ ಮಾತಾಡಲಿಲ್ಲ. ಜಮೀನಿನ ಬದುವಿನ ವಿಷಯಕ್ಕೆ ಅವಳಿಗೂ ಅವಳ ತಮ್ಮನಿಗೂ ನಾಲ್ಕು ವರ್ಷದಿಂದ ಮಾತಿಲ್ಲ. ಎರಡನೇ ವಾರ ಒಂದು ಬೆಳಿಗ್ಗೆ ನನ್ನ ಫೋನ್ ಇಸಕೊಂಡು ಮಾವನಿಗೆ ಫೋನ್ ಮಾಡಿದಳು. "ಮಂಡಿ ನೋವು ಹೆಂಗೈತೆ?" ಅಂತ ಕೇಳಿದಳು. ಮಾತು ಎರಡು ನಿಮಿಷವೂ ಆಗಲಿಲ್ಲ. ಬದುವಿನ ವಿಷಯ ಇಬ್ಬರೂ ಎತ್ತಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಪಾಸ್ಖ ಹಬ್ಬಕ್ಕೆ ಎರಡು ವಾರ ಇದೆ. ಐದು ಭಾನುವಾರ ಆಯಿತು, ಡಬ್ಬಿಯಲ್ಲಿ 1,250 ರೂಪಾಯಿ. ಗಡಿಗೆಯ ಅಕ್ಕಿ ಮೂರು ಕೆಜಿ ದಾಟಿದೆ. ಇದರಿಂದ ಲೋಕದ ಹಸಿವು ತೀರುವುದಿಲ್ಲ ಅಂತ ನನಗೂ ಗೊತ್ತು. ಆದರೆ ಡಯಾಲಿಸಿಸ್‌ಗೆ ಅಂತ ವಾರಕ್ಕೆ ಎರಡು ಸಲ ಬಸ್ಸು ಹತ್ತುವವರೊಬ್ಬರು ನಮಗೆ ಗೊತ್ತು. ಬಸ್ ಚಾರ್ಜಿಗೆ, ಆ ದಿನದ ಊಟಕ್ಕೆ ಒಂದಷ್ಟು ದಿನ ಆಗುತ್ತದೆ. ಯಾರು ಅಂತ ಬರೆಯುವುದಿಲ್ಲ. ಅವರು ನಮ್ಮ ಸಭೆಯವರಲ್ಲ. ಕೊಡುವುದು ಹೇಗೆ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಅವ್ವ ಹೇಳಿದಳು, "ಹಬ್ಬದ ದಿನ ತಟ್ಟೆ ಮುಚ್ಚಿ ಕೊಟ್ಟು ಬರ್ತೀವಲ್ಲ, ಹಂಗೇ ಕೊಟ್ಟು ಬರ್ತೀನಿ. ನೀನು ಬರಬೇಡ."

ಮೊನ್ನೆ ಶುಕ್ರವಾರದ ಶಿಲುಬೆ ಹಾದಿಗೆ ಹೊರಡುವ ಮುಂಚೆ ಅವ್ವ ಎರಡು ಇಡ್ಲಿ ತಿಂದು, ಮಾತ್ರೆ ನುಂಗಿ, ಸೆರಗು ಸರಿಮಾಡಿಕೊಂಡಳು. ಮಗಳು ಅವಳ ಮುಂದೆ ಬಂದು ನಿಂತು, "ಅಜ್ಜಿ, ಬಯ್ಯಲಿಲ್ವಲ್ಲ?" ಅಂದಳು.

"ಯಾರೇ?" ಅಂದಳು ಅವ್ವ. ಆಮೇಲೆ ನೆನಪಾಗಿ ನಕ್ಕಳು.